ಒಂದು ಅಳತೆ ದೊಡ್ಡದು

ನಮ್ಮ ಕೇಂದ್ರಕ್ಕೆ ಬೋರ್ಡು ಇಲ್ಲ. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಹಲ್ಲಿನ ಡಾಕ್ಟರು, ಅವರ ಪಕ್ಕದಲ್ಲಿ ನಾವು. ಮೆಟ್ಟಿಲ ಮೇಲೆ ಯಾರಾದರೂ ಕಂಡು ಕೇಳಿದರೆ ಹಲ್ಲುನೋವು ಎಂದುಬಿಡಬಹುದು. ಕೆನ್ನೆ ಊದಿಸಿಕೊಂಡು ಬರುವವರಿಗೆ ಇದಕ್ಕಿಂತ ಅನುಕೂಲ ಬೇಕೇ ಎಂದು ನಾನು ಹೊಸದಾಗಿ ಕೆಲಸಕ್ಕೆ ಸೇರಿದವರ ಹತ್ತಿರ ತಮಾಷೆ ಮಾಡುತ್ತೇನೆ. ಮೊದಮೊದಲು ಈ ಮಾತಿಗೆ ನನಗೇ ನಾಚಿಕೆಯಾಗುತ್ತಿತ್ತು. ಈಗ ಆಗುವುದಿಲ್ಲ. ಈ ಕೆಲಸದಲ್ಲಿ ವರ್ಷಗಟ್ಟಲೆ ಇದ್ದರೆ ಮನಸ್ಸು ಜೋಮು ಹಿಡಿದ ಕಾಲಿನ ಹಾಗಾಗುತ್ತದೆ. ಊರಿಕೊಂಡು ನಡೆಯಬಹುದು, ನೆಲ ಮಾತ್ರ ತಿಳಿಯುವುದಿಲ್ಲ.

ನನ್ನ ಕೆಲಸ ಹೆಚ್ಚಾಗಿ ಹೊರಗಿನದು. ಬ್ಯೂಟಿ ಪಾರ್ಲರುಗಳಿಗೆ ಹೋಗಿ, ತಲೆ ಬಾಚುವಾಗ ಕೂದಲ ಬುಡದಲ್ಲಿ ಗಾಯ ಕಂಡರೆ ಏನು ಮಾತಾಡಬೇಕು, ಏನು ಮಾತಾಡಬಾರದು ಎಂದು ಅಲ್ಲಿಯ ಹುಡುಗಿಯರಿಗೆ ಹೇಳಿಕೊಡುತ್ತೇನೆ. ಬಟ್ಟೆ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಹೆಂಗಸರ ಜೊತೆ ಕೂರುತ್ತೇನೆ. ಆಸ್ಪತ್ರೆಯ ಹೆಂಗಸರ ಶೌಚಾಲಯದಲ್ಲಿ, ಬಾಗಿಲಿನ ಒಳಮೈಗೆ, ನಮ್ಮ ಫೋನ್ ನಂಬರಿನ ಚೀಟಿ ಅಂಟಿಸುತ್ತೇನೆ. ಗಂಡ ಹಿಂದೆಯೇ ಬರಲಾಗದ ಜಾಗ ಅದೊಂದೇ. ಯಾರಾದರೂ ಗಟ್ಟಿ ಮನಸ್ಸು ಮಾಡಿದರೆ ಠಾಣೆಯಲ್ಲಿ, ಕೋರ್ಟಿನಲ್ಲಿ ಅವರ ಪಕ್ಕಕ್ಕೆ ಹೋಗಿ ಕೂರುತ್ತೇನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಹೇಳದ ಪೊಲೀಸನನ್ನು ನಾನಿನ್ನೂ ನೋಡಿಲ್ಲ. ಹೇಳಿ ಮುಗಿಸಲಿ ಎಂದು ಕಾಯುತ್ತೇನೆ. ಆಮೇಲೆ, ಈಗ ದೂರು ಬರೆದುಕೊಳ್ಳಿ ಎನ್ನುತ್ತೇನೆ.

ಕೇಂದ್ರದ ನಿಯಮಗಳಲ್ಲಿ ಮುಕ್ಕಾಲು ಪಾಲು ನಾನು ಮಾಡಿದವು. ನಮ್ಮ ಹತ್ತಿರ ಬಂದವಳು ಬೀದಿಯಲ್ಲಿ ಎದುರಾದರೆ ನಾವಾಗಿ ಗುರುತು ತೋರಿಸಬಾರದು. ಇನ್ನೂ ಯಾಕೆ ಅವನ ಜೊತೆ ಇದ್ದೀಯ ಎಂದು ಕೇಳಬಾರದು. ಎಲ್ಲಕ್ಕಿಂತ ಮುಖ್ಯ, ಯಾರನ್ನೂ ತಳ್ಳಬಾರದು. ಅವಳಾಗಿ ಬಾಯಿ ಬಿಡುವ ತನಕ ಕಾಯಬೇಕು. ತಳ್ಳಿಸಿಕೊಂಡವಳು ಇನ್ನೊಂದು ಸಲ ನಮ್ಮ ಮೆಟ್ಟಿಲು ಹತ್ತುವುದಿಲ್ಲ.

ಒಳಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಇಂದಲ್ಲ ನಾಳೆ ಮನೆ ಬಿಡಬೇಕು ಎಂದುಕೊಂಡವರು, ಆದರೆ ಇವತ್ತು ಕೈಲಾಗದವರು, ಅದರಲ್ಲಿ ಚೀಲ ಇಟ್ಟುಹೋಗುತ್ತಾರೆ. ಒಂದು ಜೊತೆ ಬಟ್ಟೆ, ಮಗುವಿನ ಸ್ವೆಟರು, ಮಾತ್ರೆ. ಒಟ್ಟಿಗೆ ತಂದರೆ ಮನೆಯಲ್ಲಿ ಗೊತ್ತಾಗುತ್ತದೆ, ಅದಕ್ಕೆ ತರಕಾರಿಯ ಕೆಳಗೆ ಮುಚ್ಚಿಕೊಂಡು ಒಂದೊಂದಾಗಿ ತರುತ್ತಾರೆ. ಹಾಗೆ ತರುತ್ತಿದ್ದವಳು ಒಂದೊಂದಾಗಿ ವಾಪಸ್ ತೆಗೆಯತೊಡಗಿದಳೆಂದರೆ ಮನಸ್ಸು ಬದಲಾಯಿತು, ಅಲ್ಲೇ ಉಳಿಯುತ್ತಾಳೆ ಎಂದು ಅರ್ಥ. ಬೀರುವಿನ ಉಸ್ತುವಾರಿ ಬೀಗದಮ್ಮನದು. ಅವಳಿಗೂ ಹೆತ್ತವರು ಇಟ್ಟ ಹೆಸರೊಂದಿದೆ, ಯಾರೂ ಕರೆಯುವುದಿಲ್ಲ. ಕೀಲಿಗೊಂಚಲು ಸೊಂಟಕ್ಕೆ, ಬೀಗ ಬಾಯಿಗೆ. ಯಾವ ಚೀಲ ಯಾರದು ಎಂಬುದು ಅವಳೊಬ್ಬಳಿಗೇ ಗೊತ್ತು, ಅದನ್ನು ಬಿಚ್ಚುವ ಹಕ್ಕು ಇಟ್ಟವರಿಗೆ ಮಾತ್ರ. ಬರಿಗಾಲಲ್ಲಿ ಓಡಿಬಂದ ಮಕ್ಕಳಿಗೆ ಕೆಲವೊಮ್ಮೆ ಅವಳು ಎಲ್ಲಿಂದಲೋ ಹೊಚ್ಚಹೊಸ ಶೂ ತೆಗೆದು ಹಾಕುತ್ತಾಳೆ. ಯಾರು ಕೊಟ್ಟಿದ್ದು ಎಂದರೆ, ಯಾರೋ ಪುಣ್ಯಾತ್ಮರು ಎನ್ನುತ್ತಾಳೆ. ನಾಯಿಮುಖದ ಕೆಂಪು ಶೂ ಹಾಕಿಕೊಂಡು ಹೋದ ಒಂದು ಮಗು ನನಗಿನ್ನೂ ನೆನಪಿದೆ. ಆಗ ನನ್ನ ಮಗಳು ಗೋಡೆ ಹಿಡಿದು ನಡೆಯುತ್ತಿದ್ದಳು. ಈಗ ಅವಳು ಮಗ್ಗಿ ಒಪ್ಪಿಸುತ್ತಾಳೆ.

ಈ ಸಲದ ಮಳೆಗೆ ಒಳಕೋಣೆಯ ಗೋಡೆ ತೇವ ಹಿಡಿದು ಬಣ್ಣ ಹೊಡೆಸಬೇಕಾಯಿತು. ತುಂಬಿದ ಬೀರು ಸರಿಯುವುದಿಲ್ಲ. ಬೀಗದಮ್ಮನಿಗೆ ಬಹಳ ಹೊತ್ತು ಮಂಡಿ ಮಡಚಿ ಕೂರಲಾಗುವುದಿಲ್ಲವಾದ್ದರಿಂದ ಕೆಳಗಿನ ಖಾನೆ ಖಾಲಿ ಮಾಡಲು ನಾನು ಕೂತೆ. ಎಲ್ಲಕ್ಕಿಂತ ಹಿಂದೆ, ತಗಡಿಗೆ ಅಂಟಿಕೊಂಡಂತೆ, ಕಂದು ಬಣ್ಣದ ಮೇಲೆ ಬಿಳಿ ಗೆರೆಯ ಒಂದು ಬಟ್ಟೆಚೀಲ ಇತ್ತು. ಅದು ನನ್ನ ತವರುಮನೆಯ ಹೊರಕೋಣೆಯ ಪರದೆ. ಆ ಪರದೆಗೆ ಮೂಗು ಒರೆಸಿಕೊಂಡು ಬೆಳೆದವಳು ನಾನು. ನನ್ನಮ್ಮ ಹೊಲಿಗೆಯವಳು, ಬಟ್ಟೆ ಹಳೆಯದಾದರೆ ಎಸೆಯದೆ ಚೀಲ ಮಾಡುತ್ತಾಳೆ, ಹಿಡಿಕೆಗೆ ಮಾತ್ರ ಅಡ್ಡಡ್ಡ ಎರಡು ಸಲ ಹೊಲಿಗೆ ಹಾಕುತ್ತಾಳೆ. ಹಿಡಿಕೆಯನ್ನು ಬೆರಳಲ್ಲಿ ಸವರಿ ನೋಡಿದೆ. ಎರಡು ಸಲ ಹಾಕಿತ್ತು.

ನನಗೆ ಏನೂ ಅನ್ನಿಸಲಿಲ್ಲ. ಚೀಲವನ್ನು ಉಳಿದವುಗಳ ಜೊತೆ ಬೆಂಚಿನ ಮೇಲಿಟ್ಟೆ, ಎದ್ದು ಒಂದು ಲೋಟ ನೀರು ಕುಡಿದೆ. ಆಮೇಲೆ ಬೀಗದಮ್ಮನನ್ನು ಇದು ಯಾರದು ಎಂದು ಕೇಳಿದೆ.

"ಕೇಳಬಾರದು ಅಂತ ನಿಯಮ ಮಾಡಿದವಳು ನೀನೇ ಅಲ್ವೇನಮ್ಮ," ಎಂದಳು.

ಹೋಗಲಿ, ಹೊಸದೋ ಹಳೆಯದೋ ಎಂದೆ. ಹಳೆಯದು ಎಂದಳು. ಇಟ್ಟವರು ಆಮೇಲೆ ಬಂದಿದ್ದಾರಾ ಎಂದೆ. ಬರುತ್ತಿರುತ್ತಾರೆ, ಒಂದು ಇಡುತ್ತಾರೆ, ಒಂದು ತೆಗೆಯುತ್ತಾರೆ ಎಂದು ಹೇಳಿ ಕೀಲಿಗೊಂಚಲು ಸರಿಮಾಡಿಕೊಂಡಳು. ನಾನು ಹೊರಗೆ ಹೋದ ದಿನ ನೋಡಿಕೊಂಡೇ ಬರುತ್ತಾರೆ ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನಾನಿದ್ದ ದಿನ ಬಂದಿದ್ದರೆ ಅಮ್ಮ ನನ್ನ ಕಣ್ಣಿಗೇ ಬೀಳುತ್ತಿದ್ದಳು.

ಹಾಗಾದರೆ ಅಪ್ಪ. ಇಷ್ಟು ವರ್ಷದ ಮೇಲೆ, ಕೂದಲೆಲ್ಲ ಬೆಳ್ಳಗಾದ ಮೇಲೆ. ದೀಪದ ಬುಡದಲ್ಲೇ ಕತ್ತಲು ಎಂದುಕೊಂಡೆ. ಊರಿನ ಶೌಚಾಲಯಗಳಿಗೆಲ್ಲ ಚೀಟಿ ಅಂಟಿಸಿದವಳಿಗೆ ಹೆತ್ತ ತಾಯಿ ಕಾಣಲಿಲ್ಲ. ಅಮ್ಮ ಇಡುತ್ತಿದ್ದಾಳೆ, ತೆಗೆಯುತ್ತಿದ್ದಾಳೆ. ಹೊರಡುವ ಮನಸ್ಸೂ ಇದೆ, ಇಲ್ಲದೆಯೂ ಇದೆ. ನಾನು ಒಂದು ಮಾತು ಹೆಚ್ಚು ಆಡಿದರೆ ಚೀಲವನ್ನೇ ಎತ್ತಿಕೊಂಡು ಹೋಗಿಬಿಡುತ್ತಾಳೆ. ಹಾಗೆ ಚೀಲ ಎತ್ತಿಕೊಂಡು ಹೋದ ಒಬ್ಬಳನ್ನು ನಾನು ಆಮೇಲೆ ಶವಾಗಾರದಲ್ಲಿ ಗುರುತು ಹಿಡಿಯಬೇಕಾಗಿ ಬಂದಿತ್ತು. ಅಮ್ಮನನ್ನು ಹಾಗೆ ನೋಡಬಾರದು. ನನಗೆ ಬೇಕಾಗಿದ್ದದ್ದು ಅಷ್ಟೇ.

ಸಂಜೆ ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿತ್ತು. ನಮ್ಮನೆಯವರು ಔಷಧಿ ಕಂಪನಿಯಲ್ಲಿದ್ದಾರೆ. ನೆರೆಹೊರೆಯವರಿಗೆ ಮಾತ್ರೆ ಬೇಕೆಂದರೆ ಮನೆ ಬಾಗಿಲಿಗೆ ತಂದುಕೊಡುವ ಮನುಷ್ಯ. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂದು ಅಮ್ಮ ಒಮ್ಮೆ ಗೊಣಗಿದ್ದಳು. ಅವಳಿಗೆ ಅಳಿಯನೆಂದರೆ ಮೊದಲಿಂದಲೂ ಅಷ್ಟಕ್ಕಷ್ಟೇ. ಅವರಿಗೆ ಎಲ್ಲವೂ ಅದರದರ ಜಾಗದಲ್ಲಿರಬೇಕು. ಕೆಳಗೆ ಸ್ಕೂಟರ್ ನಿಂತ ಸದ್ದಾದರೆ ನನ್ನ ಮಗಳು ಪುಟ್ಟಿ ಟಿವಿ ಆರಿಸಿ, ಶೂಗಳ ಮೂತಿ ಗೋಡೆಗೆ ತಾಗುವಂತೆ ಜೋಡಿಸುತ್ತಾಳೆ. ನಾನು ಮೇಜು ಒರೆಸುತ್ತೇನೆ. ಒರೆಸಿದ್ದರೂ ಒರೆಸುತ್ತೇನೆ. ಒಮ್ಮೆ ಪುಟ್ಟಿಯ ಒಂದು ಶೂ ಕೋಣೆಯ ನಡುವೆ ಉಳಿದುಬಿಟ್ಟಿತ್ತು. ಅವರು ಅದನ್ನು ಬಾಲ್ಕನಿಯಿಂದಾಚೆ ಎಸೆದರು, ಅಡ್ಡ ಹೋದ ನನ್ನ ಮಣಿಕಟ್ಟು ಉಳುಕಿತು. ಮೆಟ್ಟಿಲಲ್ಲಿ ಜಾರಿದೆ ಎಂದು ಕೇಂದ್ರದಲ್ಲಿ ಹೇಳಿದೆ. ಪಾಪ, ಯಾರೂ ಮರುಪ್ರಶ್ನೆ ಹಾಕಲಿಲ್ಲ. ಇಂಥವು ಬೇರೆ ಸಲವೂ ಆಗಿವೆ. ಆದರೆ ಕೇಂದ್ರಕ್ಕೆ ಬರುವವರ ಕಷ್ಟದ ಪಕ್ಕ ಇವನ್ನೆಲ್ಲ ಇಡಲಾಗುವುದಿಲ್ಲ, ನಮ್ಮದು ಆ ಬಗೆಯದಲ್ಲ. ಯಾವುದು ಆ ಬಗೆಯದು ಎಂದು ಊರಿಗೆಲ್ಲ ತರಬೇತಿ ಕೊಡುವವಳಿಗೆ ಅಷ್ಟು ತಿಳಿಯುವುದಿಲ್ಲವೇ?

ರಜೆಯ ದಿನ ಪುಟ್ಟಿಯನ್ನು ಕರೆದುಕೊಂಡು ತವರಿಗೆ ಹೋದೆ. ಅಪ್ಪ ಗಡಿಯಾರ ರಿಪೇರಿ ಮಾಡುತ್ತಾರೆ. ಕಿಟಕಿ ಪಕ್ಕದ ಮೇಜಿನಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಯಾರದೋ ಕೈಗಡಿಯಾರ ಬಿಚ್ಚಿಟ್ಟುಕೊಂಡು ಕೂತಿದ್ದರು. ಅವರದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ. ಎಡಗಿವಿ ಪೂರ್ತಿ ಹೋಗಿದೆ, ಕಿವುಡು ಎಂದು ಮಾತ್ರ ಒಪ್ಪುವುದಿಲ್ಲ, ಎಲ್ಲರೂ ಪಿಸುಗುಡುತ್ತಾರೆ ಎನ್ನುತ್ತಾರೆ. ಇಷ್ಟು ದಿನ ಇದಕ್ಕೆಲ್ಲ ನಾನು ನಗುತ್ತಿದ್ದೆ. ಆವತ್ತು ಅವರ ಕೈಗಳನ್ನೇ ನೋಡಿದೆ. ಸಣ್ಣ ಇಕ್ಕಳ ಹಿಡಿದ, ನಡುಗದ ಕೈ.

ಅಮ್ಮ ಪುಟ್ಟಿಯನ್ನು ಹಳೆ ಪೇಪರಿನ ಮೇಲೆ ನಿಲ್ಲಿಸಿ ಹೊಲಿಗೆಯ ಸೀಮೆಸುಣ್ಣದಿಂದ ಅವಳ ಪಾದದ ಸುತ್ತ ಗೆರೆ ಎಳೆಯುತ್ತಿದ್ದಳು. ನಾವು ಹೋದಾಗಲೆಲ್ಲ ಇದೊಂದು ಆಟ. ಕಚಗುಳಿಯಾಗಿ ಪುಟ್ಟಿ ಕುಣಿಯುತ್ತಾಳೆ, ಗೆರೆ ಸೊಟ್ಟಗಾಗುತ್ತದೆ, ಮತ್ತೆ ಮೊದಲಿನಿಂದ ಶುರು. ಅಳತೆ ತೆಗೆಯುವುದೇ ಆಯಿತು, ಶೂ ಮಾತ್ರ ಬಂದದ್ದಿಲ್ಲ ಎಂದು ನಾನು ರೇಗಿಸಿದೆ. ಬರುತ್ತೆ ಬಿಡು ಎಂದಳು ಅಮ್ಮ, ತಲೆ ಎತ್ತದೆ. ಅವಳ ಮುಂಗೈ ಮೇಲೆ ಸುಟ್ಟ ಗುರುತಿತ್ತು. ಏನಾಯಿತೆಂದು ಕೇಳಿದರೆ ಇಸ್ತ್ರಿಪೆಟ್ಟಿಗೆ ಎಂದಳು. ಎಲ್ಲರೂ ಇಸ್ತ್ರಿಪೆಟ್ಟಿಗೆ ಎಂದೇ ಹೇಳುವುದು.

ನಮ್ಮ ತರಬೇತಿಯಲ್ಲಿ ಒಂದು ಪ್ರಶ್ನೆ ಇದೆ, ನಾನೇ ಕಂಡುಕೊಂಡದ್ದು. ಹೊಡೆಯುತ್ತಾರಾ ಎಂದು ಕೇಳಿದರೆ ಯಾರೂ ಹೂಂ ಎನ್ನುವುದಿಲ್ಲ. ಅದಕ್ಕೆ ಕೈಯನ್ನು ಕೇಳಬೇಕು, ಕೈಗೆ ಸುಳ್ಳು ಹೇಳಲು ಬರುವುದಿಲ್ಲ. ಅಮ್ಮ ತೊಳೆದಿಟ್ಟ ತಟ್ಟೆಗಳನ್ನು ಒರೆಸುತ್ತಾ, ಹರಟೆಯ ಹಾಗೆ ಕೇಳಿದೆ.

"ಅಮ್ಮಾ, ಅಪ್ಪ ಹೊರಗಿಂದ ಬಂದ ಸದ್ದಾದ್ರೆ ನಿನ್ನ ಕೈ ಏನು ಮಾಡುತ್ತೆ?"

"ಏನು ಮಾಡುತ್ತೆ, ಬಾಗಿಲು ತೆಗೆಯುತ್ತೆ," ಎಂದಳು. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ನಿಂದು?"

ನಾನು ನಕ್ಕುಬಿಟ್ಟೆ. ಪ್ರಶ್ನೆಯನ್ನು ತಿರುಗಿಸಿ ಕೇಳುವವರು ಏನನ್ನೋ ಮುಚ್ಚುತ್ತಿರುತ್ತಾರೆ ಎಂದೂ ನಮ್ಮ ತರಬೇತಿಯಲ್ಲಿದೆ.

ಹೊರಡುವ ಮುಂಚೆ ನನ್ನ ನಿಯಮವನ್ನು ನಾನೇ ಮುರಿದೆ. ಅಮ್ಮ ಪುಟ್ಟಿಯ ಜೊತೆ ಒಳಗಿದ್ದಳು. ಅಪ್ಪನ ಮೇಜಿಗೆ ಹೋಗಿ, ಕೇಳಿಸುವ ಕಿವಿಯ ಕಡೆ ಬಗ್ಗಿದೆ.

"ಅಪ್ಪ, ನೀವು ಅಮ್ಮನ ಮೇಲೆ ಕೈ ಮಾಡ್ತೀರಾ?"

ಅಪ್ಪ ಭೂತಗನ್ನಡಿ ತೆಗೆದರು. ಕಣ್ಣಿನ ಸುತ್ತ ಅದರ ಉಂಗುರ ಮೂಡಿತ್ತು. ರೇಗುತ್ತಾರೆ ಎಂದುಕೊಂಡೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಪ್ಪ ರೇಗಲಿಲ್ಲ. ನನ್ನ ಬಲಗೈ ಹಿಡಿದುಕೊಂಡು, ಮಣಿಕಟ್ಟನ್ನು ಆ ಕಡೆ ಈ ಕಡೆ ಮೆಲ್ಲಗೆ ತಿರುಗಿಸಿ ನೋಡಿದರು. ನೋವಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಸರಿ ಎಂದು ಕೈ ಬಿಟ್ಟರು. ಭೂತಗನ್ನಡಿ ಮತ್ತೆ ಹಾಕಿಕೊಂಡರು, ಆದರೆ ಕೆಲಸಕ್ಕೆ ಕೈ ಹಾಕಲಿಲ್ಲ. ಮಾತು ಮರೆಸುತ್ತಿದ್ದಾರೆ ಎಂದೇ ನಾನು ತಿಳಿದೆ.

ಹೀಗೆ ಕೇಳಿದ್ದು ಅಮ್ಮನಿಗೆ ಗೊತ್ತಾದರೆ ಅವಳು ಬಂದು ಚೀಲ ಎತ್ತಿಕೊಂಡು ಹೋಗುವುದು ಖಂಡಿತ ಎನ್ನಿಸಿತು. ಹೋಗಲು ಬಿಡಬಾರದು. ಮರುದಿನ ನಾನು ಬಟ್ಟೆ ಕಾರ್ಖಾನೆಗೆ ಹೋಗಬೇಕಾದ ದಿನ. ಹೋಗಲಿಲ್ಲ. ಹೊಸ ಬಣ್ಣದ ವಾಸನೆಯ ಒಳಕೋಣೆಯಲ್ಲಿ, ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಬೀಗದಮ್ಮ ನೋಡಿ, ಕೀಲಿಗೊಂಚಲು ಸರಿಮಾಡಿಕೊಂಡು ಹೊರಗೆ ಹೋದಳು.

ಮಧ್ಯಾಹ್ನಕ್ಕೆ ಮುಂಚೆಯೇ ಮೆಟ್ಟಿಲ ಮೇಲೆ ಅಮ್ಮನ ಹೆಜ್ಜೆ ಕೇಳಿಸಿತು. ಹತ್ತಿ ಬಂದು, ಉಸಿರು ಸುಧಾರಿಸಿಕೊಂಡು, ಹೊರಗಿನ ಬೆಂಚಿನಲ್ಲಿ ಕೂತಳು. ಬೀಗದಮ್ಮ ಒಳಗೆ ಬಂದು ಬೀರು ತೆಗೆದು, ನನ್ನ ಮುಖ ನೋಡದೆ ಚೀಲ ಹಿಡಿದುಕೊಂಡು ಹೋದಳು. ಬಾಗಿಲ ಸಂದಿಯಿಂದ ನೋಡಿದೆ. ಅಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರಿಂದ ಒಂದು ಜೊತೆ ನೀಲಿ ಶೂ ತೆಗೆದಳು, ಮಗುವಿನದು, ತಳಕ್ಕೆ ಮಣ್ಣು ಸೋಕಿರಲಿಲ್ಲ. ತಾನು ತಂದ ಪೊಟ್ಟಣದಿಂದ ಅಂಥದೇ ಇನ್ನೊಂದು ಜೊತೆ ತೆಗೆದಳು, ಇದು ದೊಡ್ಡದು. ಪಾದದ ಆಕಾರಕ್ಕೆ ಕತ್ತರಿಸಿದ ಪೇಪರನ್ನು ಅದರ ತಳಕ್ಕೆ ಹಿಡಿದು ನೋಡಿದಳು. ಮುಂದೆ ಎಷ್ಟು ಜಾಗ ಉಳಿಯುತ್ತದೆ ಎಂದು ಬೆರಳಿಟ್ಟು ಅಳೆದಳು. ದೊಡ್ಡದನ್ನು ಚೀಲಕ್ಕಿಟ್ಟು, ಚಿಕ್ಕದನ್ನು ಬೀಗದಮ್ಮನಿಗೆ ಕೊಟ್ಟಳು.

"ಯಾರ ಮಗುಗಾದ್ರೂ ಹಾಕಿ," ಎಂದಳು.

ನಾನು ಹೊರಗೆ ಬಂದೆ. ಅಮ್ಮ ಬೆಚ್ಚಲಿಲ್ಲ. ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು. ಬಿಚ್ಚಿದ ಚೀಲದಲ್ಲಿ ಕಾಣುತ್ತಿದ್ದ ಬಟ್ಟೆ ನನ್ನ ಅಳತೆಯದು. ಮಾತ್ರೆ ನಾನು ದಿನಾ ನುಂಗುವ ಮಾತ್ರೆ. ನನಗೆ ಎಲ್ಲವೂ ಗೊತ್ತಾಗಿತ್ತು, ಆದರೂ ಚೀಲ ನಿನ್ನದಲ್ಲವಾ ಎಂದು ಕೇಳಿದೆ.

"ನಂಗ್ಯಾಕಮ್ಮ ಇದು?" ಎಂದಳು. "ನಿಮ್ಮಪ್ಪ ನನ್ನ ಮೈ ಮುಟ್ಟಿದ್ರೆ ಅವರ ಗಡಿಯಾರ ಎಲ್ಲಾ ಬಕೆಟ್ ನೀರಿಗೆ ಹಾಕ್ತೀನಿ ಅಂತ ಅವರಿಗೆ ಗೊತ್ತು."

ಮತ್ತೆ ನನಗ್ಯಾಕೆ ಹೇಳಲಿಲ್ಲ ಎಂದೆ. ಉತ್ತರ ಕೊಟ್ಟವಳು ಬೀಗದಮ್ಮ. ಅಮ್ಮ ಮೊದಲ ಸಲ ಬಂದಾಗ ಅತ್ತು ಕರೆದು, ನನ್ನ ಮಗಳನ್ನು ಕೂರಿಸಿ ಕೇಳಿ ಎಂದಳಂತೆ. ತಳ್ಳಬೇಡಿ, ಅವಳಾಗಿ ಬಾಯಿ ಬಿಡುವ ತನಕ ಕಾಯಿರಿ ಎಂದು ಬೀಗದಮ್ಮನೇ ತಡೆದಳಂತೆ. ಕೇಂದ್ರ ನಡೆಸುವ ಮೇಡಂಗೂ ಗೊತ್ತು, ಕೆಲಸಕ್ಕೆ ಸೇರಿದ ಹೊಸ ಹುಡುಗಿಗೂ ಗೊತ್ತು. ಮೆಟ್ಟಿಲಲ್ಲಿ ಜಾರಿದೆ ಎಂದಾಗ ಎಲ್ಲರೂ ತಲೆ ತಗ್ಗಿಸಿದ್ದು ಅದಕ್ಕೆ. ನಾನು ಮಾಡಿದ ನಿಯಮವನ್ನು ಇಡೀ ಕೇಂದ್ರ ನನ್ನ ಮೇಲೆ ಪಾಲಿಸುತ್ತಾ ಕೂತಿತ್ತು. ನಾನೇ ಕಲಿಸಿದ್ದು, ಚೆನ್ನಾಗಿಯೇ ಕಲಿತಿದ್ದರು.

"ಯಾವಾಗ್ಲೂ ಒಂದು ಸೈಜ್ ದೊಡ್ಡದೇ ತರ್ತೀನಿ," ಎಂದಳು ಅಮ್ಮ, ಚೀಲದ ಬಾಯಿ ಸರಿಮಾಡುತ್ತಾ. "ನೀನು ಯಾವತ್ತು ಹೊರಡ್ತೀಯೋ ಗೊತ್ತಿಲ್ವಲ್ಲ. ಅಷ್ಟರಲ್ಲಿ ಅವಳು ಬೆಳೆದುಬಿಡ್ತಾಳೆ."

ಮೊದಲನೆಯದು ಯಾವುದು ಎಂದು ಕೇಳಿದೆ. ಕೆಂಪು, ನಾಯಿಮುಖದ್ದು ಎಂದಳು.

ಜೋಮು ಬಿಡುವಾಗ ಮೊದಲು ಉರಿಯುತ್ತದೆ. ನನ್ನ ಮಗಳು ನಡೆಯಲು ಕಲಿತಾಗಿನಿಂದ ನನ್ನಮ್ಮ ಈ ಮೆಟ್ಟಿಲು ಹತ್ತಿ ಇಳಿದಿದ್ದಾಳೆ. ಪುಟ್ಟಿಯ ಕಾಲಿಗೆ ಬರಬೇಕಾದ ಶೂಗಳನ್ನು ಹಾಕಿಕೊಂಡು ಎಷ್ಟೋ ಮಕ್ಕಳು ಹೊರಟುಹೋದವು. ನಾನು ಆ ಮಕ್ಕಳಿಗೆ ಟಾಟಾ ಮಾಡಿದ್ದೆ.

ಫೋನ್ ಹೊಡೆದುಕೊಂಡಿತು. ನಮ್ಮನೆಯವರದು, ಈ ಹೊತ್ತಿಗೆ ದಿನಾ ಮಾಡಿ, ಎಲ್ಲಿದ್ದೀಯ ಎಂದು ಕೇಳುತ್ತಾರೆ. ನಾನು ಅದನ್ನು ಎತ್ತಿರಲಿಲ್ಲ, ನೋಡುತ್ತಾ ಕೂತಿದ್ದೆ. ಅಮ್ಮ ಫೋನ್ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದಳು. ನಾನೂ ನೋಡಿದೆ. ನನ್ನ ಕೈ ಬೆಂಚನ್ನು ಒರೆಸುತ್ತಿತ್ತು. ಧೂಳಿಲ್ಲದ ಬೆಂಚನ್ನು, ಆ ತುದಿಯಿಂದ ಈ ತುದಿಗೆ, ಗಟ್ಟಿಯಾಗಿ ಒತ್ತಿ ಒರೆಸುತ್ತಿತ್ತು.

ಫೋನ್ ಸುಮ್ಮನಾಯಿತು. ಕೈ ನಿಲ್ಲಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

"ಬೀಗದಮ್ಮ," ಎಂದೆ, "ಆ ಚೀಲ ನನ್ನದು."

ಆಮೇಲಿನದೆಲ್ಲ ನನಗೆ ಗೊತ್ತಿದ್ದ ಕೆಲಸವೇ, ಬೇರೆಯವರು ಮಾಡಿದರು ಅಷ್ಟೇ. ಮೇಡಂ ಸ್ಕೂಲಿಗೆ ಫೋನ್ ಮಾಡಿ ಪುಟ್ಟಿಯನ್ನು ಕರೆತರಲು ಹೋದರು. ಹೊಸ ಹುಡುಗಿ ನನ್ನ ಫೋನ್ ಇಸಿದುಕೊಂಡು ಆರಿಸಿಟ್ಟಳು. ನಮ್ಮ ಆಶ್ರಯಮನೆ ಇರುವ ಜಾಗವನ್ನು ಬಂದವಳ ಮನೆಯವರಿಗೆ ಹೇಳಬಾರದು, ಹೆತ್ತವರಾದರೂ ಸರಿ. ಅದೂ ನನ್ನದೇ ನಿಯಮ. ಅಮ್ಮನಿಗೆ ಹೇಗೆ ಹೇಳುವುದೆಂದು ನಾನು ತಡಬಡಿಸುತ್ತಿರುವಾಗ ಅವಳೇ ಎದ್ದು ಚಪ್ಪಲಿ ಮೆಟ್ಟಿದಳು.

"ಎಲ್ಲಿ ಅಂತ ನಂಗೆ ಹೇಳ್ಬೇಡ," ಎಂದಳು. "ಅವನು ನೇರ ನಮ್ಮನೆಗೇ ಬರ್ತಾನೆ. ನಂಗೆ ಸುಳ್ಳು ಹೇಳಕ್ಕೆ ಬರಲ್ಲ. ನಿಮ್ಮಪ್ಪನ್ನ ಮುಂದೆ ಬಿಡ್ತೀನಿ, ಆವತ್ತು ಎರಡೂ ಕಿವಿ ಕೇಳಿಸಲ್ಲ ಅವರಿಗೆ."

ನನ್ನ ಕೆನ್ನೆ ಸವರಿ ಮೆಟ್ಟಿಲಿಳಿದಳು. ಪುಟ್ಟಿ ಬರುವ ತನಕ ನಿಲ್ಲಲಿಲ್ಲ. ನಿಂತರೆ ಬಿಟ್ಟುಹೋಗಲಾಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ.

ಆಶ್ರಯಮನೆಯಲ್ಲಿ ನಮಗೆ ಕೊಟ್ಟ ಕೋಣೆಗೆ ನಾನು ಎಷ್ಟೋ ಹೆಂಗಸರನ್ನು ಕರೆತಂದು ಬಿಟ್ಟಿದ್ದೇನೆ. ಮಂಚದ ಮೇಲೆ ಕೂತದ್ದು ಅದೇ ಮೊದಲು. ಪುಟ್ಟಿ ಹೊಸ ಶೂ ಹಾಕಿಕೊಂಡು ಕೋಣೆಯಲ್ಲೆಲ್ಲ ನಡೆದು ನೋಡಿದಳು. ಹಿಮ್ಮಡಿ ಜಾರುತ್ತಿತ್ತು. ದೊಡ್ಡದಾಯಿತು ಎಂದಳು. ಇನ್ನೂ ಬಹಳ ದಿನ ಬರುತ್ತೆ ಎಂದೆ. ಬಿಚ್ಚಿ, ಎರಡನ್ನೂ ಜೋಡಿಸಿ, ಮೂತಿಯನ್ನು ಗೋಡೆಗೆ ತಾಗಿಸಿ ಇಟ್ಟಳು. ಸರಿಯಾಯಿತಾ ಎಂಬಂತೆ ನನ್ನ ಕಡೆ ನೋಡಿದಳು.

"ಎಲ್ಲಿ ಬೇಕಾದ್ರೂ ಬಿಡು ಪುಟ್ಟಿ," ಎಂದೆ.

ಅವಳು ನಂಬಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಒಂದು ಶೂ ತೆಗೆದು ಕೋಣೆಯ ನಡುವೆ ಇಟ್ಟಳು. ಆಮೇಲೆ ಇನ್ನೊಂದನ್ನು ತಂದು, ಸೊಟ್ಟಗೆ, ಅದರ ಪಕ್ಕ ಇಟ್ಟಳು. ಹೊರಗೆ ರಸ್ತೆಯಲ್ಲಿ ಒಂದು ಸ್ಕೂಟರ್ ಬಂದು ನಿಂತಿತು. ಪುಟ್ಟಿ ಶೂ ಎತ್ತಿಕೊಳ್ಳಲು ಬಗ್ಗಿದಳು. ನಾನು ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಬಾಗಿಲನ್ನೇ ನೋಡುತ್ತಾ ಕೂತೆವು. ಯಾರೂ ಬರಲಿಲ್ಲ. ಶೂಗಳು ಅಲ್ಲೇ ಇದ್ದವು.